ಜ್ಯೂಸ್ ಫ್ಯಾಕ್ಟರಿಯ ಸೊಸೆ

ಅನಂತಪದ್ಮನಾಭ ಅವರ ಎಪ್ಪತ್ತರ ಶಾಂತಿಗೆ ದಿನ ಗೊತ್ತಾಯಿತೆಂದು ಅವರ ಹೆಂಡತಿ ಅಲಮೇಲು ಹೇಳಿದ್ದು ಜನವರಿಯ ಒಂದು ಬೆಳಿಗ್ಗೆ, ಮನೆಯವರೆಲ್ಲ ಉಪ್ಪಿಟ್ಟಿಗೆ ಕೂತಿದ್ದಾಗ. ಮಾರ್ಚ್ ತಿಂಗಳ ಎರಡನೇ ಭಾನುವಾರ. ಜನ್ಮನಕ್ಷತ್ರ ಅವತ್ತೇ ಬೀಳುತ್ತದೆ, ಆಚೀಚೆ ಮಾಡುವ ಹಾಗಿಲ್ಲ ಎಂದು ಪುರೋಹಿತ ವಸಿಷ್ಠರು ಪಂಚಾಂಗ ನೋಡಿ ಹೇಳಿದ್ದರು. ಪದ್ಮನಾಭನಗರದಲ್ಲೇ ಮನೆಗೆ ಹತ್ತಿರದ ಛತ್ರವೂ ಸಿಕ್ಕಿತ್ತು.

ಸೊಸೆ ಸುರಭಿ ಚಮಚ ಕೆಳಗಿಟ್ಟಳು. "ಅಮ್ಮ, ಮಾರ್ಚ್ ಎರಡನೇ ವಾರ ನಮಗೆ ದ್ರಾಕ್ಷಿ ಬರೋ ಟೈಮು."

"ಒಂದು ವಾರ ಕಾಯಲ್ವಾ ದ್ರಾಕ್ಷಿ?"

"ಕಾಯಲ್ಲ."

"ನಕ್ಷತ್ರಾನೂ ಕಾಯಲ್ಲ," ಎಂದು ಅಲಮೇಲು ತಟ್ಟೆ ಎತ್ತಿಕೊಂಡು ಎದ್ದರು. ಸುರಭಿಯ ಗಂಡ ಶ್ರೀಕರ್, ಇನ್ನೂ ಎರಡು ತಿಂಗಳಿದೆ, ಈಗಲೇ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ ಎಂದ. ಅವನು ಮನೆಯಲ್ಲಿ ಯಾವ ಜಗಳ ಶುರುವಾದರೂ ಹೀಗೇ ಒಂದು ಮಾತು ಹೇಳಿ ಸ್ಕೂಟರ್ ಕೀ ಹುಡುಕುತ್ತಿದ್ದ.

ಸುರಭಿಗೆ ಮೂವತ್ತೊಂಬತ್ತು. ಮೈಕ್ರೋಬಯಾಲಜಿಯಲ್ಲಿ ಎಂ.ಎಸ್ಸಿ. ಮಾಡಿ ಕೆಲವು ವರ್ಷ ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿದ್ದಳು. ಆರು ವರ್ಷದಿಂದ ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿ ದಾಟಿ ಒಳಗಿರುವ ಒಂದು ಸಣ್ಣ ವೈನರಿಯಲ್ಲಿ ಕೆಲಸ. ಮಾಲೀಕ ಪ್ರಮೋದ್ ಹಿಂದಿನ ವರ್ಷದವರೆಗೆ ಮಾಡಿಸುತ್ತಿದ್ದದ್ದು ಬೆಂಗಳೂರಿನ ಸುತ್ತಮುತ್ತ ಬೆಳೆಯುವ ಕಪ್ಪು ದ್ರಾಕ್ಷಿಯ ಸಿಹಿ ವೈನು. ವಿಜಯಪುರದ ಕಡೆ ಬೆಳೆಯುವ ಶಿರಾಜ್ ಜಾತಿಯ ದ್ರಾಕ್ಷಿಯಿಂದ ಸಿಹಿಯಿಲ್ಲದ, ಗಟ್ಟಿ ಬಣ್ಣದ ಕೆಂಪು ವೈನು ಮಾಡೋಣವೆಂದು ಸುರಭಿ ಒಂದು ವರ್ಷ ಅವನ ಬೆನ್ನು ಬಿದ್ದಿದ್ದಳು. ನಮ್ಮ ದೇಶದ ಕೆಂಪು ವೈನನ್ನು ಯಾರು ಮೂಸಿ ನೋಡುತ್ತಾರೆ, ಹೊರಗಿನದ್ದೇ ಬೇಕು ಅನ್ನುತ್ತಾರೆ ಜನ ಎಂಬುದು ಅವನ ವಾದ. ಕೊನೆಗೆ ಒಪ್ಪಿದ. ಐದು ಟನ್ ಹಣ್ಣು, ಒಂದೇ ಒಂದು ವರ್ಷ. ಸರಿಬರದಿದ್ದರೆ ಮತ್ತೆ ಆ ಮಾತೆತ್ತಕೂಡದು. ಅದು ಈ ವರ್ಷ.

ಮನೆಯಲ್ಲಿ ಇದನ್ನು ಯಾರಿಗೂ ವಿವರವಾಗಿ ಹೇಳುವ ಹಾಗಿರಲಿಲ್ಲ. ಯಾಕೆಂದರೆ ಬಂಧುಬಳಗದ ಮಟ್ಟಿಗೆ ಸುರಭಿ ಕೆಲಸ ಮಾಡುತ್ತಿದ್ದದ್ದು ಜ್ಯೂಸ್ ಫ್ಯಾಕ್ಟರಿಯಲ್ಲಿ. ಆರು ವರ್ಷದ ಹಿಂದೆ ಅಲಮೇಲು ಅವರ ಬಸವನಗುಡಿಯ ಅಕ್ಕ ಕನಕವಲ್ಲಿ ಫೋನಿನಲ್ಲಿ ಸೊಸೆಗೆ ಎಲ್ಲಿ ಕೆಲಸ ಸಿಕ್ಕಿತೆಂದು ಕೇಳಿದಾಗ, ಅಲಮೇಲು ಬಾಯಿಂದ ದ್ರಾಕ್ಷಿ ಜ್ಯೂಸು ಎಂದು ಬಂದುಬಿಟ್ಟಿತ್ತು. ಕನಕವಲ್ಲಿ, ಹಾಗಾದರೆ ನಮಗೂ ಒಂದೆರಡು ಬಾಟಲಿ ತರಿಸು ಎಂದರು. ಅಲ್ಲಿಂದ ಶುರು. ಪ್ರತಿ ಫೆಬ್ರವರಿ ಅಲಮೇಲು ಬನಶಂಕರಿ ಮಾರ್ಕೆಟ್ಟಿನಿಂದ ಕಪ್ಪು ದ್ರಾಕ್ಷಿ ತಂದು, ಕುದಿಸಿ, ಸೋಸಿ, ಸಕ್ಕರೆ ಬೆರೆಸಿ ಹನ್ನೆರಡು ಬಾಟಲಿ ತುಂಬಿಸುತ್ತಿದ್ದರು. ನಮ್ಮ ಸುರಭಿ ಫ್ಯಾಕ್ಟರಿದು ಎಂದು ಹಂಚುತ್ತಿದ್ದರು. ಸುರಭಿ ಮೊದಮೊದಲು ನಕ್ಕಳು. ಮೂರನೇ ವರ್ಷದ ಹೊತ್ತಿಗೆ ಅವಳಿಗೆ ನಗು ಬರುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಶಾಂತಿಯ ಆಹ್ವಾನ ಕೊಡಲು ಹೋದಾಗ ಕನಕವಲ್ಲಿ ಒಂದು ಸಲಹೆ ಕೊಟ್ಟರು. ಮನೆಯಲ್ಲೇ ಫ್ಯಾಕ್ಟರಿ ಇರುವಾಗ ಬಂದವರಿಗೆ ಕಾಫಿ ಯಾಕೆ, ಒಳಗೆ ಬರುತ್ತಿದ್ದ ಹಾಗೇ ಎಲ್ಲರಿಗೂ ಒಂದೊಂದು ಲೋಟ ತಣ್ಣನೆಯ ದ್ರಾಕ್ಷಿ ಜ್ಯೂಸ್ ಕೊಡು. ಅಲಮೇಲು ಆಗಲಿ ಎಂದುಬಿಟ್ಟರು. ಇನ್ನೂರು ಜನ.

"ಯಾಕೆ ಒಪ್ಕೊಂಡ್ರಿ?" ಎಂದು ಸುರಭಿ ಕೇಳಿದಳು.

"ಇನ್ನೇನು ಹೇಳ್ಲಿ? ಸ್ಟಾಕ್ ಇಲ್ಲ ಅಂತ ಹೇಳ್ಲಾ?"

"ನಿಜ ಹೇಳಬಹುದಿತ್ತು."

"ನಿನಗೇನು, ಹೇಳ್ತೀಯ. ಆಮೇಲೆ ಅವಳ ಮಾತು ಕೇಳೋಳು ನಾನು."

ಸುರಭಿಯ ಹದಿನಾಲ್ಕು ವರ್ಷದ ಮಗಳು ಸಮನ್ವಿತಾ ತಟ್ಟೆಯಿಂದ ತಲೆಯೆತ್ತದೆ, ಅಜ್ಜಿ, ಅಮ್ಮ ಮಾಡೋದೂ ಗ್ರೇಪ್ಸ್ ಜ್ಯೂಸೇ ತಾನೇ, ಸ್ವಲ್ಪ ಲೇಟಾಗಿ ಕೊಡ್ತಾರೆ ಅಷ್ಟೆ ಎಂದಳು. ಅನಂತಪದ್ಮನಾಭ ನಗಲು ಹೋಗಿ ಹೆಂಡತಿಯ ಮುಖ ನೋಡಿ ಕೆಮ್ಮಿದರು. ಟೆಲಿಫೋನ್ ಇಲಾಖೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದ ಅವರಿಗೆ ಮನೆಯೊಳಗೆ ಲೈನ್ ಯಾವಾಗ ಕಟ್ಟಾಗುತ್ತದೆಂದು ಚೆನ್ನಾಗಿ ಗೊತ್ತಿತ್ತು.

ಸುರಭಿ ತನ್ನ ಕಡೆಯಿಂದ ಆದಷ್ಟು ಹೊಂದಿಸಿದಳು. ವಿಜಯಪುರದ ತೋಟದ ನೀಲಕಂಠಪ್ಪನವರಿಗೆ ಫೋನ್ ಮಾಡಿ, ಹಣ್ಣನ್ನು ಶಾಂತಿ ಮುಗಿದ ಮೇಲೆ ಬುಧವಾರ ಕೊಯ್ಯಬಹುದೇ ಎಂದು ಕೇಳಿದಳು. ಬಿಸಿಲು ಹೀಗೇ ಇದ್ದರೆ ತೊಂದರೆಯಿಲ್ಲ ಎಂದರು ಅವರು. ಶುಕ್ರವಾರ ಸಂಜೆಯಿಂದ ಮೂರು ದಿನ ರಜೆ ಬರೆದುಕೊಟ್ಟಳು. ಮನೆಗೆ ಬಂದು ಹೇಳಿದಾಗ ಅಲಮೇಲು, ಬೇಕಾದರೆ ಎಲ್ಲವೂ ಆಗುತ್ತದೆ, ಮೊದಲೇ ಮಾಡಿದ್ದರೆ ಇಷ್ಟು ಮಾತು ಬರುತ್ತಿರಲಿಲ್ಲ ಎಂದರು. ಅವತ್ತು ಸುರಭಿ ಪಾತ್ರೆ ತೊಳೆದದ್ದು ಇಡೀ ಬೀದಿಗೆ ಕೇಳಿಸಿತು.

ಶಾಂತಿಯ ವಾರ ಮನೆ ದ್ರಾಕ್ಷಿಯ ಬುಟ್ಟಿಗಳಿಂದ ತುಂಬಿತು. ಅಲಮೇಲು ಬುಧವಾರ ಇಡೀ ದಿನ ಹಣ್ಣು ಬಿಡಿಸಿ ಹಿಸುಕಿದರು. ಅನಂತಪದ್ಮನಾಭ ಸಿಪ್ಪೆ ಸೋಸುವ ಬಟ್ಟೆ ಹಿಡಿದು ನಿಂತು ನಿಂತು ಸೊಂಟ ಹಿಡಿಸಿಕೊಂಡರು. ಮನೆಯ ಅತಿ ದೊಡ್ಡ ಪಾತ್ರೆಯಲ್ಲೂ ಎಲ್ಲವನ್ನೂ ಒಂದೇ ಸಲ ಕುದಿಸಲಾಗಲಿಲ್ಲ. ಅರ್ಧ ಕುದಿಸಿದ್ದಾಯಿತು. ಉಳಿದದ್ದನ್ನು ಸಿಪ್ಪೆಯ ಸಮೇತ ಎರಡು ಸ್ಟೀಲ್ ಡ್ರಮ್ಮುಗಳಲ್ಲಿ ತುಂಬಿ, ಅಡುಗೆಮನೆಯ ಹಿಂದಿನ ಬಟ್ಟೆ ಒಗೆಯುವ ಜಾಗದಲ್ಲಿಟ್ಟು, ಶುಕ್ರವಾರ ಕುದಿಸೋಣವೆಂದು ಮುಚ್ಚಿಟ್ಟರು. ಗುರುವಾರ ಪೂರ್ತಿ ಸೀರೆ, ಪಂಚೆ, ತಾಂಬೂಲದ ಚೀಲಗಳಿಗಾಗಿ ಜಯನಗರದ ಓಡಾಟದಲ್ಲಿ ಹೋಯಿತು.

ಶುಕ್ರವಾರ ಸಂಜೆ ಸುರಭಿ ಚಪ್ಪಲಿ ಬಿಡುವಾಗಲೇ ವಾಸನೆ ಗುರುತಿಸಿದಳು. ಒಳಗೆ ಮಾವ ಊಟದ ಮೇಜಿನಲ್ಲಿ ಎರಡನೇ ಲೋಟ ಮುಗಿಸುತ್ತಿದ್ದರು.

"ಈ ಸಲ ಸಖತ್ತಾಗಿದೆಯಮ್ಮ," ಎಂದರು. "ಸೋಡಾ ಹಾಕಿದ ಹಾಗೆ ಚುರ್ ಅನ್ನುತ್ತೆ."

ಅವಳು ಹಿಂದಕ್ಕೆ ಹೋಗಿ ಡ್ರಮ್ಮಿನ ಮುಚ್ಚಳ ತೆಗೆದಳು. ಸಿಪ್ಪೆಯೆಲ್ಲ ಮೇಲಕ್ಕೆದ್ದು ದಪ್ಪಗೆ ಕೂತಿತ್ತು. ಸಂದಿಯಲ್ಲಿ ನೊರೆ, ಸಣ್ಣಗೆ ಸಿಳ್ಳೆ ಹೊಡೆದಂಥ ಸದ್ದು. ಅತ್ತೆಯನ್ನು ಕರೆದಳು.

"ಅಮ್ಮ, ಇದು ಹುದುಗಿದೆ. ಇನ್ನು ಕುದಿಸಿದರೂ ಜ್ಯೂಸಾಗಲ್ಲ."

"ಹುದುಗಿದೆ ಅಂದ್ರೆ?"

"ನಮ್ಮಲ್ಲಿ ಎರಡನೇ ದಿನ ಹೀಗೇ ಇರುತ್ತೆ."

ಅಲಮೇಲುಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಗಂಡನ ಕೈಯಿಂದ ಲೋಟ ಕಿತ್ತುಕೊಂಡು ಬಂದು ಬಚ್ಚಲಿಗೆ ಚೆಲ್ಲಿದರು. ನಾಳಿದ್ದು ಹೋಮಕ್ಕೆ ಕೂರುವ ಗಂಡಸು ಎಂದು ಅವರನ್ನು ಬೈದರು. ಅನಂತಪದ್ಮನಾಭ, ನನಗೇನೂ ಆಗಿಲ್ಲವಲ್ಲ ಎಂದದ್ದು ಅವರ ಕೋಪವನ್ನು ಇನ್ನಷ್ಟು ಏರಿಸಿತು. ಆ ಕೋಪ ಸುರಭಿಯ ಕಡೆ ತಿರುಗಿತು.

"ನಿನ್ನ ಬಟ್ಟೆಯಿಂದಾನೇ ಬಂದಿರೋದು ಇದು. ದಿನಾ ಅಲ್ಲಿಂದ ಹಾಗೇ ಬರ್ತೀಯ. ಆ ಬಟ್ಟೇನ ಇಲ್ಲೇ ಒಗೀತೀಯ."

"ಯಾರೂ ತರಬೇಕಾಗಿಲ್ಲಮ್ಮ. ಹುದುಗಿಸೋ ಯೀಸ್ಟು ದ್ರಾಕ್ಷಿ ಸಿಪ್ಪೆ ಮೇಲೇ ಇರುತ್ತೆ. ಎರಡು ದಿನ ಬಿಟ್ಟರೆ ಯಾರ ಮನೇಲಾದ್ರೂ ಹೀಗೇ ಆಗೋದು."

"ಆರು ವರ್ಷ ಆಗಿರಲಿಲ್ಲ."

"ಆರು ವರ್ಷ ಕುದಿಸ್ತಿದ್ರಿ. ಅಮ್ಮ, ನಾನು ಏನು ಕೆಲಸ ಮಾಡ್ತೀನಿ ಅಂತ ಹೇಳೋಕೆ ನಿಮಗೆ ನಾಚಿಕೆ. ಆ ನಾಚಿಕೆ ಮುಚ್ಚೋಕೆ ಇಷ್ಟು ಹಣ್ಣು, ಇಷ್ಟು ಸಕ್ಕರೆ, ಅಪ್ಪನ ಸೊಂಟ. ನನ್ನನ್ನ ಯಾರೂ ಒಂದು ಮಾತು ಕೇಳಲಿಲ್ಲ."

ಶ್ರೀಕರ್ ಬಾಗಿಲಲ್ಲಿ ನಿಂತು, ಇಬ್ಬರೂ ಭಾನುವಾರದವರೆಗೆ ಸುಮ್ಮನಿರಿ ಎಂದ. ಇಬ್ಬರೂ ಅವನ ಮೇಲೆ ಬಿದ್ದರು. ಕೊನೆಗೆ ಎರಡು ಡ್ರಮ್ಮೂ ಮೋರಿ ಸೇರಿತು. ಕುದಿಸಿಟ್ಟಿದ್ದ ಅರ್ಧವನ್ನೂ ಅಲಮೇಲು ಅನುಮಾನದಿಂದ ಚೆಲ್ಲಿಸಿದರು. ಛತ್ರದ ಅಡುಗೆಯವರಿಗೆ ಫೋನ್ ಮಾಡಿ ಬೆಲ್ಲದ ಪಾನಕ ಮಾಡಲು ಹೇಳಿದ್ದಾಯಿತು. ಮೋರಿಯ ಸುತ್ತ ಕೆನ್ನೀಲಿ ಕಲೆ ಉಳಿಯಿತು. ಅದನ್ನು ಸಮನ್ವಿತಾಳ ಕೈಯಲ್ಲಿ ತಿಕ್ಕಿಸಿದರು. ಅವಳು ನನಗೂ ಇದಕ್ಕೂ ಏನು ಸಂಬಂಧ ಎಂದು ಗೊಣಗುತ್ತಲೇ ತಿಕ್ಕಿದಳು.

ಶನಿವಾರ ಬೆಳಿಗ್ಗೆ ಸುರಭಿ ಬಾಳೆಎಲೆ ಲೆಕ್ಕ ಮಾಡುತ್ತಿರುವಾಗ ನೀಲಕಂಠಪ್ಪನವರ ಫೋನ್ ಬಂತು.

"ಮೇಡಮ್ಮಾರ, ಇಲ್ಲಿ ಮಾಡ ಕಟ್ಟೇತ್ರಿ. ನಾಳೆ ಮಳಿ ಬಿತ್ತಂದ್ರ ಹಣ್ಣೆಲ್ಲ ಒಡದು ಹೋಗ್ತಾವ್ರಿ. ಇವತ್ತ ಕೊಯ್ಸಿ ಲಾರಿ ಹತ್ತಸ್ತೀನ್ರಿ. ಮುಂಜಾನಿ ನಿಮ್ಮಲ್ಲಿ ಇರತೈತಿ."

ಬೇಡವೆನ್ನುವ ಹಾಗಿರಲಿಲ್ಲ. ಬಂದ ಹಣ್ಣನ್ನು ಮಾರ್ಚಿನ ಬಿಸಿಲಲ್ಲಿ ಒಂದು ದಿನ ನಿಲ್ಲಿಸಿದರೆ ಕ್ರೇಟಿನಲ್ಲೇ ಕೆಡುತ್ತದೆ. ವೈನರಿಯ ನಿಂಗರಾಜನಿಗೆ ಯಂತ್ರ ನಡೆಸುವುದು ಗೊತ್ತಿತ್ತು. ಆದರೆ ಯಾವ ಹಣ್ಣು ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು, ಟ್ಯಾಂಕಿಗೆ ಏನು ಎಷ್ಟು ಹಾಕಬೇಕು ಎಂದು ನಿರ್ಧರಿಸುವವಳು ಅವಳು. ಪ್ರಮೋದ್‌ಗೆ ಫೋನ್ ಮಾಡಿದರೆ ಅವನು, ನಿನ್ನ ಪ್ರಾಜೆಕ್ಟು, ನೀನೇ ನೋಡಿಕೋ ಎಂದ.

ಮಧ್ಯಾಹ್ನದ ಊಟದಲ್ಲಿ ಸುರಭಿ ಹೇಳಿದಳು. ಬೆಳಿಗ್ಗೆ ಐದಕ್ಕೆ ಹೊರಡುತ್ತೇನೆ, ಆದಷ್ಟು ಬೇಗ ಬರುತ್ತೇನೆ. ಕಲಶದ ಅಭಿಷೇಕ ಎಷ್ಟು ಹೊತ್ತಿಗೆ ಎಂದು ಕೇಳಿದಳು. ಹನ್ನೊಂದು ಎಂದರು ಮಾವ.

ಶ್ರೀಕರ್ ಮೊದಲ ಸಲ ದನಿ ಎತ್ತಿದ. "ಒಂದೇ ಒಂದು ದಿನ ಸುರಭಿ. ಅಪ್ಪನಿಗೆ ಎಪ್ಪತ್ತು ಇನ್ನೊಂದು ಸಲ ಆಗಲ್ಲ."

"ಗೊತ್ತು. ಈ ಹಣ್ಣೂ ಇನ್ನೊಂದು ಸಲ ಬರಲ್ಲ ನನಗೆ."

"ಹಣ್ಣನ್ನೂ ಅಪ್ಪನನ್ನೂ ಒಂದೇ ಮಾಡ್ತಿದೀಯಲ್ಲ."

ಅಲಮೇಲು ಬೈಯುತ್ತಾರೆಂದು ಎಲ್ಲರೂ ಕಾದರು. ಅವರು ಬೈಯಲಿಲ್ಲ. ಬಂದವರು ಕೇಳಿದರೆ ಏನು ಹೇಳಲಿ, ಅದೊಂದು ಹೇಳಿ ಹೋಗು ಎಂದರು. ಸುರಭಿ, ನಿಮಗೆ ಏನು ಬೇಕೋ ಅದು ಹೇಳಿ ಅಮ್ಮ, ನನಗೆ ಸಾಕಾಗಿದೆ ಎಂದು ಎದ್ದಳು.

ಭಾನುವಾರ ಛತ್ರದಲ್ಲಿ ಹತ್ತು ಗಂಟೆಗೇ ಜನ ತುಂಬಿದ್ದರು. ಸೊಸೆ ಎಲ್ಲಿ ಎಂದು ಕೇಳಿದವರಿಗೆ ಶ್ರೀಕರ್ ಜ್ವರ ಎಂದ. ಸಮನ್ವಿತಾ, ಬರ್ತಾ ಇದಾರೆ ಎಂದಳು. ಇಬ್ಬರ ಮಾತನ್ನೂ ಕೇಳಿಸಿಕೊಂಡ ಕೆಲವರು ಒಬ್ಬರನ್ನೊಬ್ಬರು ನೋಡಿಕೊಂಡರು. ಹನ್ನೊಂದಕ್ಕೆ ಅನಂತಪದ್ಮನಾಭ, ಇನ್ನೊಂದರ್ಧ ಗಂಟೆ ನೋಡೋಣವೇ ಎಂದು ಪುರೋಹಿತರನ್ನು ಕೇಳಿದರು. ವಸಿಷ್ಠರು ಮುಹೂರ್ತ ಮೀರುತ್ತದೆ ಎಂದರು. ಮಗ, ಮೊಮ್ಮಗಳು, ನೆಂಟರು ಒಬ್ಬೊಬ್ಬರಾಗಿ ಕಲಶದ ನೀರು ಸುರಿದರು. ಸೊಸೆಯದೆಂದು ಇಟ್ಟಿದ್ದ ಕಲಶವನ್ನು ಕನಕವಲ್ಲಿಯ ಸೊಸೆ ಎತ್ತಿದಳು.

ಅದಾದ ಮೇಲೆ ಕನಕವಲ್ಲಿ ಪಾನಕದ ಲೋಟ ಹಿಡಿದುಕೊಂಡು ತಂಗಿಯ ಪಕ್ಕದ ಕುರ್ಚಿಗೆ ಬಂದು ಕೂತರು.

"ಜ್ಯೂಸು ಅಂದಿದ್ದೆ, ಪಾನಕ ಕೊಟ್ಟಿದೀಯ. ಹೋಗಲಿ ಬಿಡು, ಒಳ್ಳೇದೇ ಆಯ್ತು. ಹೋದ ವರ್ಷದ್ದು ಬರೀ ಸಕ್ಕರೆ. ಒಂಥರಾ ಒಗರು ಬೇರೆ. ಆ ಫ್ಯಾಕ್ಟರೀಲಿ ಕೈ ತೊಳೆದು ಮಾಡ್ತಾರೋ ಇಲ್ವೋ."

ಬೆಳಿಗ್ಗೆ ನಾಲ್ಕಕ್ಕೆ ಎದ್ದಿದ್ದ ಅಲಮೇಲು ಕಾಫಿ ಕೂಡ ಕುಡಿದಿರಲಿಲ್ಲ.

"ಅದನ್ನ ಮಾಡಿದ್ದು ನಾನು ಅಕ್ಕ. ಕೈ ತೊಳ್ಕೊಂಡೇ ಮಾಡಿದ್ದು."

"ನೀನಾ?"

"ಆರು ವರ್ಷದಿಂದ ನಾನೇ. ಸುರಭಿ ಜ್ಯೂಸ್ ಮಾಡಲ್ಲ, ವೈನ್ ಮಾಡ್ತಾಳೆ. ಇವತ್ತೂ ಅಲ್ಲಿಗೇ ಹೋಗಿದಾಳೆ. ಜ್ವರ ಇಲ್ಲ ಅವಳಿಗೆ."

ಹಿಂದಿನ ಎರಡು ಸಾಲುಗಳಿಗೂ ಕೇಳಿಸಿತು. ಕನಕವಲ್ಲಿ ಮೊದಲ ಪಂಕ್ತಿಯಲ್ಲಿ ಕೂತು ಪಾಯಸದವರೆಗೂ ಊಟ ಮಾಡಿದರು. ಆಮೇಲೆ ತಾಂಬೂಲ ತೆಗೆದುಕೊಳ್ಳದೆ ಆಟೋ ಹತ್ತಿ ಹೋದರು.

ಸುರಭಿ ಬಂದಾಗ ಎರಡು ಗಂಟೆ ಹತ್ತಿರ. ಸೀರೆ ಉಡಲು ಮನೆಗೆ ಹೋಗಿ ಬಂದಿದ್ದಳು. ಆದರೆ ಕೈ ಮೊಣಕೈವರೆಗೆ ನೇರಳೆಯಾಗಿತ್ತು, ತೊಳೆದರೂ ಹೋಗಿರಲಿಲ್ಲ. ನೇರ ಮಾವನ ಹತ್ತಿರ ಹೋಗಿ ನಮಸ್ಕಾರ ಮಾಡಿದಳು. ಅವರ ಮುಖದಲ್ಲಿ ಬೇಸರವಿತ್ತು, ಅದನ್ನು ಅವರು ಮುಚ್ಚಿಡಲಿಲ್ಲ.

"ಕಾದೆ ನಾನು," ಎಂದರು. ಆಮೇಲೆ ಅವಳ ಕೈ ನೋಡಿ, "ಹಣ್ಣು ಹೇಗಿತ್ತು?" ಎಂದರು.

"ಚೆನ್ನಾಗಿತ್ತು ಅಪ್ಪ. ಒಂದೂ ಒಡೆದಿರಲಿಲ್ಲ."

ಕೊನೆಯ ಪಂಕ್ತಿಯಲ್ಲಿ ಅವಳಿಗೆ ಬಡಿಸಿದ್ದು ಅಡುಗೆಯವರು. ಮನೆಯವರು ಯಾರೂ ಪಕ್ಕದಲ್ಲಿ ಕೂರಲಿಲ್ಲ. ಶ್ರೀಕರ್ ಮಂಗಳವಾರದವರೆಗೆ ಅವಳ ಜೊತೆ ಹಾಲು, ಗ್ಯಾಸು, ಮಗಳ ಟೆಸ್ಟು, ಇಷ್ಟರ ಹೊರತು ಬೇರೆ ಮಾತಾಡಲಿಲ್ಲ.

ಅಲಮೇಲುಗೆ ಮಾತ್ರ ಫೋನ್ ಮೇಲೆ ಫೋನ್. ಸುಬ್ರಹ್ಮಣ್ಯಪುರದ ನಾದಿನಿ ಅಯ್ಯೋ ಪಾಪ ಎಂದರು, ಯಾರಿಗೆ ಪಾಪ ಎಂದು ಹೇಳಲಿಲ್ಲ. ಯಾವನೋ ದಾಯಾದಿ ಹುಡುಗ ಅತ್ತಿಗೆಯ ಕಂಪನಿಯಲ್ಲಿ ನಮಗೆ ಡಿಸ್ಕೌಂಟ್ ಸಿಗುತ್ತದೆಯೇ ಎಂದು ಕೇಳಿದ. ಕನಕವಲ್ಲಿ ಎರಡು ದಿನ ಬಿಟ್ಟು ಮಾಡಿದರು. ಒಂದೊಂದೇ ಪ್ರಶ್ನೆ. ಅವಳೂ ಕುಡಿಯುತ್ತಾಳಾ. ಅಲ್ಲಿ ಗಂಡಸರೆಷ್ಟು, ಹೆಂಗಸರೆಷ್ಟು. ಹಣ್ಣನ್ನು ಕಾಲಲ್ಲಿ ತುಳಿಯುತ್ತಾರಂತಲ್ಲ, ಹೌದಾ. ಅಲಮೇಲುಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿದ್ದು ಆರು ವರ್ಷದಲ್ಲಿ ಇದೂ ಗೊತ್ತಾಗಲಿಲ್ಲವಾ ನಿನಗೆ ಎಂದರು ಅಕ್ಕ.

ಗುರುವಾರ ಬೆಳಿಗ್ಗೆ ಸುರಭಿ ಕಾರಿನ ಹತ್ತಿರ ಬಂದಾಗ ಅಲಮೇಲು ಮೊಸರನ್ನದ ಡಬ್ಬಿಯ ಚೀಲ ಹಿಡಿದು ನಿಂತಿದ್ದರು.

"ನಾನೂ ಬರ್ತೀನಿ. ಅವಳು ಕೇಳೋ ಪ್ರಶ್ನೆಗೆಲ್ಲ ಉತ್ತರ ಕೊಟ್ಟು ಮುಗಿಸ್ಬೇಕು."

"ಇವತ್ತು ಕೆಲಸ ಜಾಸ್ತಿ ಅಮ್ಮ. ಬೇಗ ವಾಪಸ್ ಬರಕ್ಕಾಗಲ್ಲ."

"ನಾನೇನು ಬೇಗ ಕರ್ಕೊಂಡು ಬಾ ಅಂದ್ನಾ?"

ವಸಂತಪುರ ದಾಟುವವರೆಗೆ ಟ್ರಾಫಿಕ್ಕು. ವೈನರಿಯಲ್ಲಿ ಕಾಲಿಗೆ ಗಮ್‌ಬೂಟು, ತಲೆಗೆ ಟೋಪಿ ಹಾಕಿಸಿ, ಎರಡು ಸಲ ಕೈ ತೊಳೆಸಿದರು. ಇಷ್ಟು ಮಡಿ ನಮ್ಮ ತಾಯಿಯೂ ಮಾಡಿಸಿರಲಿಲ್ಲ ಎಂದು ಅಲಮೇಲು ಗೊಣಗಿದರು. ಒಳಗೆ ಎತ್ತರದ ಸ್ಟೀಲ್ ಟ್ಯಾಂಕುಗಳು, ನಿಂಗರಾಜ ಪೈಪು ಹಿಡಿದು ನೆಲ ತೊಳೆಯುತ್ತಿದ್ದ. ಕಾಲಲ್ಲಿ ತುಳಿಯುವುದು ಎಲ್ಲೂ ಕಾಣಲಿಲ್ಲ. ಸುರಭಿ ಟ್ಯಾಂಕಿನ ನಲ್ಲಿಯಿಂದ ಲೋಟಕ್ಕೆ ಒಂದಿಷ್ಟು ಬಿಟ್ಟುಕೊಂಡು, ಬಾಯಲ್ಲಿ ತಿರುಗಿಸಿ, ಬಕೆಟ್ಟಿಗೆ ಉಗಿದಳು.

"ಕುಡಿಯಲ್ವಾ?"

"ಕೆಲಸದಲ್ಲಿ ಉಗೀತೀನಿ. ಹೊರಗೆ ಒಂದೊಂದು ಸಲ ಕುಡೀತೀನಿ ಅಮ್ಮ. ಇನ್ನು ಸುಳ್ಳು ಬೇಡ."

"ಉಗಿಯೋದಷ್ಟೇ ಕೇಳಿದ್ದು ನಾನು," ಎಂದು ಅಲಮೇಲು ಮುಖ ತಿರುಗಿಸಿದರು. ಬೆಲೆಬಾಳುವ ಪದಾರ್ಥವನ್ನು ಉಗಿಯುತ್ತಾರಲ್ಲ ಎಂದೂ ಅವರಿಗೆ ಸಿಟ್ಟು ಬಂದ ಹಾಗಿತ್ತು.

ಮಧ್ಯಾಹ್ನ ಹನ್ನೆರಡೂವರೆಗೆ ಟ್ಯಾಂಕನ್ನು ತಂಪಾಗಿಡುವ ಯಂತ್ರ ನಿಂತುಹೋಯಿತು. ರಿಪೇರಿಯವನು ಹೊರಟಿದ್ದೇನೆ ಎಂದ, ಎಲ್ಲಿಂದ ಎಂದು ಹೇಳಲಿಲ್ಲ. ಒಳಗೆ ಹುದುಗುತ್ತಿದ್ದ ರಸ ತನ್ನ ಶಾಖಕ್ಕೆ ತಾನೇ ಬಿಸಿಯಾಗುತ್ತಿತ್ತು. ಮೂವತ್ತೈದು ಡಿಗ್ರಿ ದಾಟಿದರೆ ಹುದುಗುವುದು ಅರ್ಧಕ್ಕೇ ನಿಲ್ಲಬಹುದು, ನಿಂತರೆ ಐದು ಟನ್ನೂ ಹೋದ ಹಾಗೆ ಎಂದು ಸುರಭಿ ನಿಂಗರಾಜನಿಗೆ ಹೇಳಿದ್ದು ಅಲಮೇಲುಗೂ ಕೇಳಿಸಿತು. ಇದ್ದಬದ್ದ ಗೋಣಿಚೀಲಗಳನ್ನೆಲ್ಲ ನೆನೆಸಿ ಟ್ಯಾಂಕಿಗೆ ಸುತ್ತಿದರು. ನಿಂಗರಾಜ ಅದರ ಮೇಲೆ ನೀರು ಬಿಡುತ್ತ ಸುತ್ತು ಹೊಡೆದ. ಸುರಭಿ ಏಣಿ ಹತ್ತಿ, ಮೇಲಕ್ಕೆದ್ದ ಸಿಪ್ಪೆಯನ್ನು ಉದ್ದ ಕೋಲಿನಿಂದ ಕೆಳಕ್ಕೆ ಒತ್ತತೊಡಗಿದಳು. ಟ್ಯಾಂಕಿನ ಬುಡದಲ್ಲಿದ್ದ, ಶಾಖ ತೋರಿಸುವ ಮೀಟರಿನ ಮುಳ್ಳು ಅಲ್ಲಿಂದ ಅವಳಿಗೆ ಕಾಣುತ್ತಿರಲಿಲ್ಲ.

"ಅಮ್ಮ, ಅದರಲ್ಲಿ ಎಷ್ಟು ತೋರಿಸ್ತಿದೆ?"

ಅಲಮೇಲು ಕನ್ನಡಕ ಹಾಕಿಕೊಂಡು ಬಗ್ಗಿದರು. "ಮೂವತ್ತಮೂರೂವರೆ."

"ಐದೈದು ನಿಮಿಷಕ್ಕೆ ಹೇಳ್ತಿರಿ."

ಮೂವತ್ತನಾಲ್ಕು ಆಯಿತು. ಅಲ್ಲೇ ಬಹಳ ಹೊತ್ತು ನಿಂತಿತು. ಯಾರೋ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟರು, ಅವರು ಕೂರಲಿಲ್ಲ. ಸೀರೆಯ ಅಂಚು ನೆನೆದಿತ್ತು. ನಿಂಗರಾಜನಿಗೆ, ಆ ಪಕ್ಕದ ಚೀಲ ಒಣಗಿದೆ, ಅಲ್ಲಿಗೆ ನೀರು ಬಿಡಪ್ಪ ಎಂದು ಎರಡು ಸಲ ಹೇಳಿದರು. ಎರಡೂವರೆ ಹೊತ್ತಿಗೆ ಮುಳ್ಳು ಸ್ವಲ್ಪ ಎಡಕ್ಕೆ ಬಂದ ಹಾಗೆ ಕಂಡಿತು. ಕಣ್ಣು ಕಿರಿದು ಮಾಡಿ ನೋಡುತ್ತಿರುವಾಗ ಚೀಲದಲ್ಲಿ ಫೋನ್ ಹೊಡೆದುಕೊಂಡಿತು. ನಿಂತು ಮತ್ತೆ ಹೊಡೆದುಕೊಂಡಿತು. ಅಲಮೇಲು ಒದ್ದೆ ಕೈಯಲ್ಲೇ ತೆಗೆದರು. ಕನಕವಲ್ಲಿ.

"ಅಕ್ಕ, ಆಮೇಲೆ ಮಾಡು," ಎಂದರು. "ನಾವು ಕೆಲಸದಲ್ಲಿದೀವಿ."

ಫೋನನ್ನು ಕುರ್ಚಿಯ ಮೇಲೆ ಹಾಕಿ ಮತ್ತೆ ಬಗ್ಗಿದರು.

"ಮೂವತ್ತಮೂರು," ಎಂದು ಮೇಲಕ್ಕೆ ಕೂಗಿ ಹೇಳಿದರು.